ಸ್ಟಾಟಿನ್ ಕೊಟ್ಟ ಮೇಲೆ ಎಚ್‌ಡಿಎಲ್ ಎಷ್ಟು ಏರಿತು: ಅಳೆದು ನೋಡಿದ ಬಗೆ

ಸಕ್ಕರೆ ಕಾಯಿಲೆಯವರಿಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಕೊಟ್ಟರೆ ಎಚ್‌ಡಿಎಲ್, ಅಂದರೆ ಒಳ್ಳೆ ಕೊಲೆಸ್ಟ್ರಾಲ್, ಏರುತ್ತದೋ ಇಲ್ಲವೋ ಅನ್ನುವ ಜಗಳಕ್ಕೆ ನನ್ನ ರಿಜಿಸ್ಟರ್‌ನಲ್ಲಿ ಈಗ ಉತ್ತರವಿದೆ. ಏರುತ್ತದೆ, ಆದರೆ ಎರಡು ರಿಪೋರ್ಟ್ ಪಕ್ಕಪಕ್ಕ ಇಟ್ಟರೆ ಕಾಣುವಷ್ಟಲ್ಲ. ‘ಒಬ್ಬರಿಗೆ ನಾಲ್ಕು ಸಲ ರಕ್ತ ತೆಗೆಯೋದು ದಂಡದ ಖರ್ಚು’ ಅಂದಿದ್ದ ಡಾಕ್ಟರುಗಳೇ ಈಗ ಲೆಕ್ಕ ಇಡುವ ಹಾಳೆ ಕೇಳುತ್ತಿದ್ದಾರೆ. ಅದಕ್ಕೇ ಬರೆದಿಟ್ಟೆ.

ಮೊದಲು ಎಡವಿದ್ದು. ಮಾತ್ರೆಗೆ ಮುಂಚೆ ಒಂದು ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ), ಮೂರು ತಿಂಗಳಿಗೆ ಇನ್ನೊಂದು. ಎಚ್‌ಡಿಎಲ್ 36 ಇದ್ದದ್ದು 41 ಆದರೆ ಮಾತ್ರೆಯ ಗುಣ, 32 ಆದರೆ ಡೋಸ್ ಸಾಲದು ಅಂದುಕೊಳ್ಳುತ್ತಿದ್ದೆ. ಎರಡೂ ತಪ್ಪು. ಊಟ, ಔಷಧಿ ಏನೂ ಬದಲಾಗದಿದ್ದರೂ ಒಬ್ಬರಲ್ಲೇ ಎಚ್‌ಡಿಎಲ್ ಶೇ 7ರಷ್ಟು ಆಚೀಚೆ ಆಡುತ್ತದೆ. ಮಶೀನಿನ ಏರುಪೇರು ಶೇ ಮೂರ್ನಾಲ್ಕು ಅದರ ಮೇಲೆ. ಒಂದಕ್ಕೊಂದು ರಿಪೋರ್ಟ್ ಹೋಲಿಸುವುದಾದರೆ 36ರ ಮೇಲೆ (ಡೆಸಿಲೀಟರ್ ರಕ್ತಕ್ಕೆ) 8 ಮಿಲಿಗ್ರಾಂ ದಾಟದ ವ್ಯತ್ಯಾಸವನ್ನು ನಂಬುವಂತಿಲ್ಲ. ಸ್ಟಾಟಿನ್ ಏರಿಸುವುದೋ ಶೇ 5ರಿಂದ 10, ಅಂದರೆ ಎರಡು ಮೂರು ಮಿಲಿಗ್ರಾಂ.

ಈಗಿನ ಕ್ರಮ ಹೀಗೆ. ಮಾತ್ರೆಗೆ ಮುಂಚೆ ವಾರದ ಅಂತರದಲ್ಲಿ ಎರಡು ಸ್ಯಾಂಪಲ್, 12 ವಾರ ಆದ ಮೇಲೆ ಮತ್ತೆ ಎರಡು. ಅದೇ ಲ್ಯಾಬ್, ಅದೇ ಮಶೀನು. ಕಿಟ್‌ನ ಲಾಟ್ (ತಯಾರಿಕೆಯ ಕಂತು) ನಂಬರ್ ಬದಲಾದರೆ ಬರೆದುಕೊಳ್ಳಿ. 12 ಗಂಟೆ ಉಪವಾಸ, ಬಂದವರು ಹತ್ತು ನಿಮಿಷ ಕೂತಿರಬೇಕು, ಕೈಗೆ ಕಟ್ಟಿದ ಪಟ್ಟಿ ನಿಮಿಷದೊಳಗೆ ಸಡಿಲಾಗಬೇಕು. ಬಿಗಿದು ನರ ಹುಡುಕುತ್ತ ಕೂತರೆ ಅಷ್ಟರಲ್ಲೇ ಕೊಲೆಸ್ಟ್ರಾಲ್ ಹೆಚ್ಚಿ ಬರುತ್ತದೆ. ಇಷ್ಟಾದರೂ ಒಬ್ಬರ ಲೆಕ್ಕದಿಂದ ತೀರ್ಮಾನ ಬೇಡ. ಐವತ್ತು ಅರವತ್ತು ಜನರ ಸರಾಸರಿ ತೆಗೆದಾಗಲೇ ಆ ಎರಡು ಮಿಲಿಗ್ರಾಂ ಕಣ್ಣಿಗೆ ಬಿದ್ದದ್ದು.

ದುಡ್ಡಿನ ಮಾತು. ನಾಲ್ಕೂ ಸಲ ಪೂರ್ತಿ ಪ್ರೊಫೈಲ್ ಬೇಕಿಲ್ಲ. ಟೋಟಲ್ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ (ರಕ್ತದ ಇನ್ನೊಂದು ಕೊಬ್ಬು), ಎಚ್‌ಡಿಎಲ್ ಮೂರೇ ಸಾಕು. ಟ್ರೈಗ್ಲಿಸರೈಡ್ 400ರ ಒಳಗಿದ್ದರೆ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಈ ಮೂರರಿಂದ ಪೆನ್ನಲ್ಲೇ ಲೆಕ್ಕ ಹಾಕಿದರೆ ಬರುತ್ತದೆ. ಹೀಗೆ ಮಾಡಿದರೆ ನಾಲ್ಕು ಸಲದ್ದು ಎರಡು ಪೂರ್ತಿ ಪ್ರೊಫೈಲಿಗಿಂತ ಇನ್ನೂರು ರೂಪಾಯಿಯಷ್ಟೇ ಜಾಸ್ತಿ ಆಯಿತು. ಲ್ಯಾಬಿನವರ ಹತ್ತಿರ ರೇಟು ಹೇಗೆ ಕುದುರಿಸಿದೆ ಅನ್ನೋದು ನನ್ನಲ್ಲೇ ಇರಲಿ.

ಯಾರನ್ನು ಲೆಕ್ಕದಿಂದ ಬಿಡಬೇಕು ಅನ್ನುವುದೇ ದೊಡ್ಡ ಕೆಲಸ. ಜ್ವರ ಬಂದು ಆರು ವಾರ ಆಗದವರು ಬೇಡ, ಸೋಂಕಿನಲ್ಲಿ ಎಚ್‌ಡಿಎಲ್ ಕುಸಿದಿರುತ್ತದೆ. ಥೈರಾಯ್ಡ್‌ನ ಟಿಎಸ್‌ಎಚ್ ಪರೀಕ್ಷೆ ನೋಡದೆ ಸೇರಿಸಬೇಡಿ. ನಡುವೆ ಬಿಪಿಯ ಅಟೆನೊಲಾಲ್, ಸಕ್ಕರೆಯ ಪಯೋಗ್ಲಿಟಜೋನ್ ಮಾತ್ರೆ ಶುರುವಾಗಿದ್ದರೆ ಹೆಸರು ಹೊಡೆದುಹಾಕಿ, ಮೊದಲನೆಯದು ಎಚ್‌ಡಿಎಲ್ ಇಳಿಸುತ್ತದೆ, ಎರಡನೆಯದು ಏರಿಸುತ್ತದೆ. ಎಲ್ಲಕ್ಕಿಂತ ಮೋಸ ಮಾಡುವುದು ಸಕ್ಕರೆ. ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) 10 ಇದ್ದವರಿಗೆ ಇನ್ಸುಲಿನ್ನೂ ಸ್ಟಾಟಿನ್ನೂ ಒಂದೇ ದಿನ ಶುರು ಮಾಡಿದರೆ ಟ್ರೈಗ್ಲಿಸರೈಡ್ ಧಡಕ್ಕನೆ ಇಳಿದು ಎಚ್‌ಡಿಎಲ್ ಏರುತ್ತದೆ, ಹೆಸರು ಮಾತ್ರ ಸ್ಟಾಟಿನ್‌ಗೆ. ಮೊದಲ ಕಂತಿನಲ್ಲಿ ಇಂಥ ಇಪ್ಪತ್ತು ಹೆಸರಿಗೆ ಅಡ್ಡಗೆರೆ ಎಳೆದೆ, ಅವರ ಟೆಸ್ಟಿನ ದುಡ್ಡು ನನ್ನ ಜೇಬಿನದು.

ಡೋಸ್ ಏರಿಸಿದರೆ ಎಚ್‌ಡಿಎಲ್ಲೂ ಏರೀತು ಅನ್ನುವವರಿಗೆ ಸ್ಟಾಟಿನ್‌ಗಳನ್ನು ಹೋಲಿಸಿದ 2003ರ ಸ್ಟೆಲ್ಲರ್ ಟ್ರಯಲ್ ಇದೆ: ಅಟೊರ್ವಾ (ಅಟೊರ್ವಾಸ್ಟಾಟಿನ್) 10 ಮಿಲಿಗ್ರಾಂನಲ್ಲಿ ಶೇ 6ರ ಹತ್ತಿರ ಇದ್ದ ಏರಿಕೆ 80ಕ್ಕೆ ಹೋದಾಗ ಶೇ 2ಕ್ಕೆ ಇಳಿಯಿತು. ಇನ್ನೊಂದು ಸ್ಟಾಟಿನ್ ರೋಸುವಾ (ರೋಸುವಾಸ್ಟಾಟಿನ್) ಶೇ 8ರಿಂದ 10ರಲ್ಲಿ ನಿಂತಿತು. ಹಾಗಂತ ಎಚ್‌ಡಿಎಲ್‌ಗಾಗಿ ರೋಸುವಾಗೆ ಬದಲಾಯಿಸುವುದೂ ದಂಡ. 2004ರ ಕಾರ್ಡ್ಸ್ ಟ್ರಯಲ್‌ನಲ್ಲಿ 2,800 ಚಿಲ್ಲರೆ ಸಕ್ಕರೆ ಕಾಯಿಲೆಯವರಿದ್ದರು; ಅಟೊರ್ವಾ 10ರಿಂದ ಹೃದಯಾಘಾತ, ಸ್ಟ್ರೋಕ್ ಥರದ ದೊಡ್ಡ ಪೆಟ್ಟು ಶೇ 37 ತಗ್ಗಿತು, ಎಚ್‌ಡಿಎಲ್ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು.

ಅಡ್ಡದಾರಿಯನ್ನೂ ಹಿಡಿದು ನೋಡಿದ್ದೇನೆ. ನಯಾಸಿನ್ (ವಿಟಮಿನ್ ಬಿ3) ಮಾತ್ರೆಯಲ್ಲಿ ಎಚ್‌ಡಿಎಲ್ ಸಂಖ್ಯೆ ಚೆನ್ನಾಗಿ ಏರಿತು, ಮುಖ ಕೆಂಪಗಾಗಿ ಉರಿಯಿತು, ಸಕ್ಕರೆಯೂ ಏರಿತು. 2011ರಲ್ಲಿ ನಯಾಸಿನ್‌ನ ಏಮ್-ಹೈ ಟ್ರಯಲ್ ಪ್ರಯೋಜನ ಕಾಣದೆ ನಿಂತ ಮೇಲೆ ಅದನ್ನು ಬಿಟ್ಟೆ. ಟ್ರೈಗ್ಲಿಸರೈಡ್ ಇಳಿಸುವ ಫೆನೊಫೈಬ್ರೇಟ್ ಅದು 500 ದಾಟಿದವರಿಗೆ ಮಾತ್ರ, ಅದೂ ಮೇದೋಜೀರಕ ಊದೀತೆಂಬ ಭಯಕ್ಕೆ. ಪಯೋಗ್ಲಿಟಜೋನ್ ಥರದ ಗ್ಲಿಟಜೋನ್ ಜೊತೆ ಅದು ಸೇರಿದರೆ ಕೆಲವರಲ್ಲಿ ಎಚ್‌ಡಿಎಲ್ 10ರ ಆಸುಪಾಸಿಗೆ ಬೀಳುತ್ತದೆ, ಲ್ಯಾಬಿನ ತಪ್ಪೆಂದು ಬೈಯುವ ಮುಂಚೆ ಔಷಧಿ ಚೀಟಿ ನೋಡಿ. ಸಂಜೆಯ ಮಂಡಕ್ಕಿ-ಮಿರ್ಚಿ ಬಿಡಿಸಿ ಒಂದು ಹಿಡಿ ಹುರಿದ ಶೇಂಗಾ, ನಲವತ್ತು ನಿಮಿಷ ನಡಿಗೆ, ಬೀಡಿ ಬಂದ್ ಮಾಡಿಸಿದ ಐದಾರು ಜನರಲ್ಲಿ ಸ್ಟಾಟಿನ್‌ನಷ್ಟೇ ಏರಿತು. ಜನ ಕಡಿಮೆ, ಬಾಜಿ ಕಟ್ಟಲಾರೆ.

ಡೋಸ್ ಈಗ ನಾನ್-ಎಚ್‌ಡಿಎಲ್ ನೋಡಿ ಬದಲಾಯಿಸುತ್ತೇನೆ. ಟೋಟಲ್ 172, ಎಚ್‌ಡಿಎಲ್ 35, ಕಳೆದರೆ 137. ನನ್ನ ಗುರಿ 100, ಹಾಗಾಗಿ ಅಟೊರ್ವಾ 10 ಇದ್ದದ್ದು 20 ಆಯಿತು. ಆ 137ಕ್ಕೆ ಕೆಂಪು ಶಾಯಿ. 35ನ್ನು ಪೆನ್ಸಿಲ್‌ನಲ್ಲಿ ಬರೆಯುತ್ತೇನೆ.