ಕ್ಯಾನ್ಸರ್ ಆಪರೇಷನ್‌ಗೆ ಮುಂಚೆ ಅನಸ್ತೇಸಿಯಾ ಡಾಕ್ಟರ್ ಹತ್ರ ಏನ್ ಕೇಳ್ಬೇಕು, ಏನ್ ಮುಚ್ಚಿಡಬಾರ್ದು

ಮೂಡಿಗೆರೆಯಿಂದ ನಮ್ಮತ್ತೇನ ಬ್ರೆಸ್ಟ್ ಆಪರೇಷನ್‌ಗೆ ಬೆಂಗಳೂರಿಗೆ ಕರ್ಕೊಂಡ್ ಹೋಗೋ ವಾರ ಮನೇಲಿ ಒಂದೇ ಗಲಾಟೆ, ಗ್ಯಾಸ್ ಕೊಟ್ಟು ಮಲಗಿಸಿದ್ರೆ ಕ್ಯಾನ್ಸರ್ ವಾಪಸ್ ಬರುತ್ತಂತೆ, ನರಕ್ಕೆ ಕೊಡೋ ಆ ಹಾಲಿನಂಥ ಬಿಳಿ ಔಷಧೀನೇ ಕೇಳಿ ಅಂತ ಯಾರೋ ವಾಟ್ಸಾಪಲ್ಲಿ ಕಳ್ಸಿದ್ರು.

ಪೂರ್ತಿ ಗಾಳಿಮಾತೇನಲ್ಲ ಅದು. ಹಳೇ ರೆಕಾರ್ಡ್ ಕೆದಕಿ ಮಾಡಿದ ಕೆಲವು ಸ್ಟಡಿಗಳಲ್ಲಿ ಪ್ರೊಪೊಫಾಲ್ (ಅದೇ ಬಿಳಿ ಔಷಧಿ) ತಗೊಂಡೋರು ಜಾಸ್ತಿ ದಿನ ಬದುಕಿದ್ದು ಕಂಡಿತ್ತು. ಆದ್ರೆ ಚೀಟಿ ಎತ್ತಿದಂಗೆ ಜನಾನ ಎರಡು ಗುಂಪು ಮಾಡಿ ನೋಡಿದ ದೊಡ್ಡ ಟ್ರಯಲ್ 2019ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂತು, 2,100ಕ್ಕೂ ಜಾಸ್ತಿ ಹೆಂಗಸರು, ಒಂದ್ಕಡೆ ಬೆನ್ನಿಗೆ ಬ್ಲಾಕ್ (ಆ ಭಾಗ ಮರಗಟ್ಟಿಸೋ ಇಂಜೆಕ್ಷನ್) ಜೊತೆ ಪ್ರೊಪೊಫಾಲ್, ಇನ್ನೊಂದ್ಕಡೆ ಸೆವೊಫ್ಲುರೇನ್ ಗ್ಯಾಸು, ಎರಡರಲ್ಲೂ ನೂರಕ್ಕೆ ಸುಮಾರು ಹತ್ತು ಜನಕ್ಕೇ ವಾಪಸ್ ಬಂದಿದ್ದು. ಹಂಗಾಗಿ ಗ್ಯಾಸಾ ನರಕ್ಕಾ ಅಂತ ಜಗಳ ಆಡ್ಬೇಡಿ. ವಾಂತಿ ಜಾಸ್ತಿ ಆಗೋರಾದ್ರೆ ಪ್ರೊಪೊಫಾಲ್ ಒಳ್ಳೇದು, ಅದನ್ನ ಧಾರಾಳವಾಗಿ ಕೇಳಿ.

ಕೇಳಲೇಬೇಕಾದ್ದು ಒಂದಿದೆ, ಅದು ಸರ್ಜನ್ ಹತ್ರ. ಮುಂಬೈನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯೋರು 2023ರಲ್ಲಿ ಪ್ರಿಂಟ್ ಮಾಡಿದ ಟ್ರಯಲ್‌ನಲ್ಲಿ ಗಡ್ಡೆ ತೆಗೆಯೋ 7-10 ನಿಮಿಷ ಮುಂಚೆ ಅದರ ಸುತ್ತ 0.5% ಲಿಗ್ನೊಕೇನ್ ಕೊಟ್ಟಿದ್ರು, ಹಲ್ಲು ಕೀಳೋವಾಗ ಕೊಡ್ತಾರಲ್ಲ ಅದೇ ಜಾತಿ. ಐದು ವರ್ಷಕ್ಕೆ ಬದುಕಿದ್ದೋರು 90.1%, ಕೊಡದೇ ಇದ್ದೋರಲ್ಲಿ 86.4%. ಇದು ಆರಂಭದ ಹಂತದ, ಮುಂಚೆ ಕೀಮೋ ತಗೊಳ್ದೇ ಇದ್ದ ಬ್ರೆಸ್ಟ್ ಕ್ಯಾನ್ಸರ್‌ಗೆ ಮಾತ್ರ ನೋಡಿದ್ದು, ನಿಮ್ಮ ಕೇಸಿಗೆ ಹೊಂದುತ್ತಾ ಅಂತ ಕೇಳಿ.

ಇನ್ನು ಫಿಟ್ನೆಸ್ ಚೆಕಪ್ಪು. ಬಿಪಿ, ಶುಗರ್, ರಕ್ತ ತೆಳು ಮಾಡೋ ಮಾತ್ರೆಗಳ ಪಟ್ಟಿ, ಅಲ್ಲಾಡೋ ಹಲ್ಲು, ಉಬ್ಬಸ, ಬೀಡಿ, ಎಲ್ಲಾ ಹೇಳಿ. ಬಾಯಿ ತೆಗೀರಿ, ಮೂರು ಬೆರಳು ಹಿಡಿಯುತ್ತಾ ನೋಡೋಣ ಅಂದ್ರು ಡಾಕ್ಟ್ರು, ನಮ್ಮತ್ತೆ ಬಾಯಿಗೆ ಎರಡೇ ಹೋಗಿದ್ದು, ಮೂವತ್ತು ವರ್ಷದ ಎಲೆ ಅಡಿಕೆ! ಅಡಿಕೆ ತಿಂತೀನಿ ಅಂತ ಅವ್ರಾಗೇ ಹೇಳಿರಲಿಲ್ಲ, ಗೊತ್ತಾದ ಮೇಲೆ ಉಸಿರಾಟದ ನಳಿಗೆ ಹಾಕೋಕೆ ಡಾಕ್ಟ್ರು ಕ್ಯಾಮೆರಾ ಇರೋ ಪೈಪ್ ರೆಡಿ ಇಟ್ಕೊಂಡ್ರು.

ಆಮೇಲೆ ನಮ್ಮೂರೋರ ದೊಡ್ಡ ಸಮಸ್ಯೆ, ಬೆಳಗಿನ ಕಾಫಿ. ಹಾಲು ಹಾಕಿದ್ರೆ ಊಟದ ಲೆಕ್ಕ, ಅನಸ್ತೇಸಿಯಾ ಕೊಡೋಕೆ 6 ತಾಸು ಮುಂಚೇನೇ ನಿಲ್ಲಿಸ್ಬೇಕು, ಬ್ಲ್ಯಾಕ್ ಕಾಫಿ ಸಾಮಾನ್ಯವಾಗಿ 2 ತಾಸು ಮುಂಚೆವರೆಗೂ ಬಿಡ್ತಾರೆ, ಆದ್ರೂ ನಿಮ್ಮ ಡಾಕ್ಟ್ರು ಹೇಳಿದ್ದೇ ಫೈನಲ್. ನಮ್ಮತ್ತೆ ಹಾಲಿಲ್ದಿದ್ರೆ ಅದೂ ಒಂದ್ ಕಾಫಿನಾ ಅಂತ ಬೈಕೊಂಡೇ ಅರ್ಧ ಲೋಟ ಕುಡಿದ್ರು.