‘ಮರ್ಮರ’ ಎಂದಾಗ ಅತ್ತಿಗೆ ಹೆದರಿದರು

ಮಕ್ಕಳ ಹೃದಯದ ಬಗೆಗಿನ ಕಿರುಹೊತ್ತಗೆಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ ನಾನು ಮೊದಲ ಪುಟದಲ್ಲೇ ಎಡವಿದ್ದು ‘ಮರ್ಮರ್’ ಎಂಬ ಪದಕ್ಕೆ. ಗೊತ್ತಿಲ್ಲದ ಪದವೇನಲ್ಲ, ಗೊಣಗುವುದು, ಗುಸುಗುಸು ಎನ್ನುವುದು ಎಂದು ಶಾಲೆಯಲ್ಲೇ ಕಲಿತಿದ್ದೆ. ಹಿಂದೆಮುಂದೆ ನೋಡದೆ ‘ಹೃದಯದ ಗೊಣಗಾಟ’ ಎಂದು ಬರೆದೆ. ಕರಡು ನೋಡಿದ ವೈದ್ಯರು ನಕ್ಕುಬಿಟ್ಟರು. “ಇಷ್ಟು ವರ್ಷ ಕೇಳಿದ್ದೇನೆ, ಯಾವ ಹೃದಯವೂ ನನ್ನ ಮೇಲೆ ಗೊಣಗಿಲ್ಲ ಮಾರಾಯರೆ.”

ಧ್ವನಿಮುದ್ರಿಕೆಯೊಂದನ್ನು ಹಾಕಿ ಕೇಳಿಸಿದರು. ಲಬ್, ಡಬ್ ಎಂಬ ಎರಡು ಬಡಿತಗಳು ಕವಾಟಗಳು ಮುಚ್ಚಿಕೊಳ್ಳುವ ಸದ್ದು. ಅವುಗಳ ನಡುವೆ ತೆಳ್ಳಗೆ ಎಳೆದಂತೆ ಇನ್ನೊಂದು ಸದ್ದು, ಅದೇ ವೈದ್ಯರ ‘ಮರ್ಮರ್’. ರಕ್ತ ಹರಿಯುವಾಗ ಸುಳಿಗೊಂಡರೆ ಅದು ಹುಟ್ಟುತ್ತದಂತೆ. ಕವಾಟ ಕಿರಿದಾಗಿದ್ದರೂ ಬರುತ್ತದೆ, ಸೋರುತ್ತಿದ್ದರೂ ಬರುತ್ತದೆ. ಯಾವ ತೊಂದರೆಯೂ ಇಲ್ಲದ ಎಷ್ಟೋ ಮಕ್ಕಳಲ್ಲೂ ಕೇಳಿಸುತ್ತದೆ.

ಹಾಗಾದರೆ ಇಂಗ್ಲಿಷಿನವರು ಇದಕ್ಕೆ ಆ ಪದವನ್ನೇಕೆ ಹಿಡಿದರು? ನಿಘಂಟು ಬಿಚ್ಚಿದೆ. ಪದ ಲ್ಯಾಟಿನ್ನಿನದು, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದಿದೆ. ಲ್ಯಾಟಿನ್ನಿನಲ್ಲಿ ಅದು ಇಷ್ಟು ಸಾಧುವಾಗಿರಲಿಲ್ಲ: ಕಡಲ ಮೊರೆತಕ್ಕೂ ಗುಡುಗಿಗೂ ಅದೇ ಪದ. ಗ್ರೀಕಿನ ‘ಮೊರ್ಮುರೊ’ ನೀರಿನ ಭೋರ್ಗರೆತ. ಇಂಗ್ಲಿಷಿಗೆ ಬರುವ ಹೊತ್ತಿಗೆ ಸದ್ದಿನ ಜೊತೆಗೆ ಅಸಮಾಧಾನವೂ ಸೇರಿಕೊಂಡಿತ್ತು. 1611ರ ಇಂಗ್ಲಿಷ್ ಬೈಬಲಿನಲ್ಲಿ ಮರುಭೂಮಿಯಲ್ಲಿ ಹಸಿದ ಇಸ್ರೇಲಿನ ಜನ ಮೋಶೆಯ ವಿರುದ್ಧ ಮಾಡುವುದು ಇದನ್ನೇ. ನಾನು ಶಾಲೆಯಲ್ಲಿ ಕಲಿತದ್ದು ಈ ಕವಲನ್ನು ಮಾತ್ರ. ಮೂಲದಲ್ಲಿ ಅದು ನಮ್ಮ ಜುಳುಜುಳು, ಸರಸರಗಳಂಥ ಅನುಕರಣ ಪದ. ಒಂದೇ ಉಲಿಯನ್ನು ಎರಡು ಸಲ ಹೇಳಿ ಸದ್ದನ್ನು ಕಟ್ಟುವ ಉಪಾಯ.

ನಡುವೆ ಒಂದು ದಿನ ದಂಡವಾಯಿತು. ಟರ್ಕಿಯ ಮರ್ಮರ ಸಮುದ್ರವನ್ನು ನಕಾಶೆಯಲ್ಲಿ ಕಂಡು, ಅಲೆಗಳ ಮೊರೆತದಿಂದಲೇ ಆ ಹೆಸರು ಬಂತೆಂದು ಟಿಪ್ಪಣಿಯನ್ನೂ ಬರೆದಿಟ್ಟಿದ್ದೆ. ಆಮೇಲೆ ನೋಡಿದರೆ ಅದು ಅಮೃತಶಿಲೆಯ ಗ್ರೀಕ್ ಹೆಸರು. ಅಲ್ಲಿನ ದ್ವೀಪದಲ್ಲಿ ಆ ಕಲ್ಲಿನ ಗಣಿಗಳಿವೆ. ಟಿಪ್ಪಣಿ ಹರಿದು ಹಾಕಿದೆ.

ಖುಷಿ ಕೊಟ್ಟದ್ದು ಸಂಸ್ಕೃತ. ನಿಘಂಟುಗಳು ಲ್ಯಾಟಿನ್ ಪದದ ಪಕ್ಕದಲ್ಲೇ ಅದರ ನಂಟಿನ ಪದವೆಂದು ‘ಮರ್ಮರ’ವನ್ನು ಕೂರಿಸುತ್ತವೆ. ಅಮರಕೋಶ ತೆಗೆದೆ: ಬಟ್ಟೆ ಮತ್ತು ಎಲೆಗಳ ಸದ್ದು ಮರ್ಮರ, ಒಡವೆಗಳ ಸದ್ದು ಶಿಂಜಿತ. ಎಷ್ಟು ನಾಜೂಕಾದ ಕಿವಿ! ತರಗೆಲೆಯ ಸದ್ದಿಗೆ ಕನ್ನಡ ಬರಹಗಾರರು ಬಳಸುವ ಪದವೂ ಇದೇ. ಇಂಗ್ಲಿಷ್ ಪದದ ಸೋದರ ಸಂಬಂಧಿ ನಮ್ಮ ಮನೆಯಲ್ಲೇ ಇರುವಾಗ ಬೇರೆ ಪದ ಏಕೆ? ಹೊತ್ತಗೆಯ ಉದ್ದಕ್ಕೂ ‘ಹೃದಯದ ಮರ್ಮರ’ ಎಂದು ತಿದ್ದಿದೆ. ಅಂದು ರಾತ್ರಿ ನನಗೆ ನನ್ನ ಮೇಲೆಯೇ ವಿಪರೀತ ಅಭಿಮಾನ.

ಬೆಳಿಗ್ಗೆ ಅತ್ತಿಗೆಗೆ ಓದಿ ಹೇಳಿದೆ. ನನ್ನ ಅನುವಾದಗಳ ಮೊದಲ ಪರೀಕ್ಷೆ ಅವರದೇ. ಎರಡನೇ ಸಾಲಿಗೇ ಮುಖ ಬಾಡಿತು. “ಅಯ್ಯೋ, ಮಗುವಿನ ಮರ್ಮಕ್ಕೇ ಪೆಟ್ಟು ಬಿದ್ದಿದೆಯೇನೋ?”

ಮರ್ಮ, ಮರ್ಮಾಘಾತ! ನನಗದು ಹೊಳೆದೇ ಇರಲಿಲ್ಲ. ಭಯ ಬೇಡ ಎಂದು ಹೇಳಲು ಬರೆದ ಹೊತ್ತಗೆಯಲ್ಲಿ ಪದವೇ ಭಯ ಹುಟ್ಟಿಸಿದರೆ ಅಮರಕೋಶವನ್ನು ಕಟ್ಟಿಕೊಂಡು ಏನು ಮಾಡಲಿ? ಮುದ್ರಿಕೆಯನ್ನು ಅವರಿಗೂ ಕೇಳಿಸಿದೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೇಳಿ, “ಕುಲುಮೆಯ ತಿದಿ ಒತ್ತಿದ ಹಾಗಿದೆ, ಸುಯ್ ಅಂತ” ಎಂದರು.

‘ಬಡಿತಗಳ ನಡುವಿನ ಸುಯ್ ಎನ್ನುವ ಸದ್ದು, ತಿದಿ ಒತ್ತಿದಂತೆ’ ಎಂದು ಬರೆದೆ. ವೈದ್ಯರು ಒಪ್ಪಿದರು. ಮರ್ಮರ ಕೊನೆಯ ಪುಟದ ಪದಪಟ್ಟಿಗೆ ಹೋಯಿತು.

ಅಚ್ಚಾದ ಮೇಲೆ, 1816ರಲ್ಲಿ ಸ್ಟೆತೊಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ಲೆನೆಕ್ ಬಗ್ಗೆ ಓದುತ್ತಿದ್ದೆ. ಈ ಸದ್ದಿನ ಕಾರಣವನ್ನು ಆತ ತಪ್ಪಾಗಿ ಊಹಿಸಿದ್ದ. ಸ್ನಾಯುವಿನ ಸೆಳೆತ ಎಂದುಕೊಂಡಿದ್ದ. ಆದರೆ 1819ರ ತನ್ನ ಗ್ರಂಥದಲ್ಲಿ ಅದಕ್ಕಿಟ್ಟ ಫ್ರೆಂಚ್ ಹೆಸರು ‘ಬ್ರುಯಿ ದ ಸುಫ್ಲೆ’. ಎಂದರೆ, ತಿದಿಯ ಸದ್ದು. ಅತ್ತಿಗೆಗೆ ಹೇಳಿದೆ. “ಕಿವಿ ಇದ್ದವರಿಗೆ ಇನ್ನೇನು ಕೇಳಿಸುತ್ತದೆ?” ಎಂದು ಹುರುಳಿಕಾಯಿ ಸೋಸುವುದನ್ನು ಮುಂದುವರಿಸಿದರು.