ಓದು ಕಡಿಮೆ, ಜೊತೆಗೆ ಅಮ್ಮ: ಹೊರದೇಶಕ್ಕೆ ಹೊರಡುವ ಮೊದಲು ಏನೇನು ನೋಡಬೇಕು

ನನ್ನ ಕೈಯಲ್ಲಿ ಇದ್ದದ್ದು ಹನ್ನೆರಡನೇ ತರಗತಿಯ ಅಂಕಪಟ್ಟಿ ಮತ್ತು ಒಂದು ಔಷಧಿ ಅಂಗಡಿಯಲ್ಲಿ ಆರು ವರ್ಷ ಲೆಕ್ಕ ಬರೆದ ಅನುಭವ. ಮನೆಯಲ್ಲಿ ಅಮ್ಮ ಒಬ್ಬಳೇ. ಆಗ ಅವಳಿಗೆ 61. ಸಕ್ಕರೆ ಕಾಯಿಲೆ, ಮಂಡಿ ನೋವು, ನನ್ನ ಸಂಬಳ ಬಿಟ್ಟರೆ ಬೇರೆ ಆದಾಯ ಇಲ್ಲ. ಅಲ್ಲಿಂದ ಶುರು ಮಾಡಿ ನಾನು 2021ರಲ್ಲಿ ಜರ್ಮನಿಗೆ ಬಂದೆ. ಅಮ್ಮ 2025ರಲ್ಲಿ ಬಂದಳು. ನಡುವಿನ ನಾಲ್ಕು ವರ್ಷದಲ್ಲಿ ನಾನು ಮಾಡಿದ ತಪ್ಪುಗಳನ್ನು ನೀವು ಮಾಡಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲ ಮಾತು: ನಿಮ್ಮ ವೀಸಾ ಹುಡುಕುವ ಮೊದಲು ಅಮ್ಮನ ವೀಸಾ ಹುಡುಕಿ. ನಾವೆಲ್ಲ ಮಾಡುವುದು ಇದಕ್ಕೆ ಉಲ್ಟಾ. ಮೊದಲು ಕೆಲಸ ಸಿಗಲಿ, ಆಮೇಲೆ ಅಮ್ಮನನ್ನು ಕರೆಸಿಕೊಂಡರಾಯಿತು ಅಂತ ಹೊರಡುತ್ತೇವೆ. ಅಲ್ಲಿ ಹೋದ ಮೇಲೆ ಗೊತ್ತಾಗುತ್ತದೆ, ಆ ದೇಶದಲ್ಲಿ ಅಮ್ಮನಿಗೆ ಬಾಗಿಲೇ ಇಲ್ಲ ಅಂತ.

ಕಾರಣ ಒಂದು ಪದ. ಡಿಪೆಂಡೆಂಟ್ ಎಂದರೆ ನಮ್ಮ ಮನಸ್ಸಿನಲ್ಲಿ ನಮ್ಮನ್ನೇ ನಂಬಿಕೊಂಡಿರುವವರು. ಹೆಚ್ಚಿನ ದೇಶಗಳ ಕೆಲಸದ ವೀಸಾದಲ್ಲಿ ಆ ಪದಕ್ಕೆ ಗಂಡ, ಹೆಂಡತಿ, ಚಿಕ್ಕ ಮಕ್ಕಳು ಎಂದಷ್ಟೇ ಅರ್ಥ. ತಾಯಿ, ತಂದೆ ಅದರೊಳಗೆ ಬರುವುದಿಲ್ಲ. ನನಗೆ ಇದು ಗೊತ್ತಿರಲಿಲ್ಲ. ಒಬ್ಬ ಏಜೆಂಟ್ ಕೆನಡಾದ ಅರ್ಜಿಯಲ್ಲಿ ಅಮ್ಮನ ಹೆಸರನ್ನೂ ಸೇರಿಸಿಬಿಡೋಣ ಎಂದ. ನಂಬಿ ಮುಂಗಡ ಕೊಟ್ಟೆ. ಆಮೇಲೆ ನಾನೇ ಕೂತು ಅರ್ಜಿ ನಮೂನೆ ಓದಿದೆ. ಸಂಗಾತಿಗೆ ಜಾಗ ಇತ್ತು, ಮಕ್ಕಳಿಗೆ ಜಾಗ ಇತ್ತು, ಅಮ್ಮನಿಗೆ ಇರಲಿಲ್ಲ. ಆ ದುಡ್ಡು ವಾಪಸ್ ಬರಲೇ ಇಲ್ಲ. ಯಾರೇ ಏನೇ ಹೇಳಲಿ, ಆಯಾ ದೇಶದ ಸರ್ಕಾರದ ಪುಟದಲ್ಲಿ ನಿಮ್ಮ ಕಣ್ಣಿಂದ ಓದುವ ತನಕ ಒಂದು ಪೈಸೆಯನ್ನೂ ಕೊಡಬೇಡಿ.

ಯಾವ ದೇಶದಲ್ಲಿ ಅಮ್ಮನಿಗೆ ಬಾಗಿಲಿದೆ

ನಾನು ಒಂದು ನೋಟ್‌ಬುಕ್‌ನಲ್ಲಿ ದೇಶಕ್ಕೊಂದು ಪುಟ ಇಟ್ಟಿದ್ದೆ. ಪುಟದ ಮೇಲೆ ಒಂದೇ ಪ್ರಶ್ನೆ: ನಾನು ಅಲ್ಲಿ ನೆಲೆ ನಿಂತ ಮೇಲೆ ಅಮ್ಮ ಯಾವ ಹೆಸರಿನ ವೀಸಾದಲ್ಲಿ ಬರುತ್ತಾಳೆ?

ಅಮೆರಿಕದ ಪುಟ ಬೇಗ ಮುಗಿಯಿತು. ಅಲ್ಲಿ ತಾಯಿ ತಂದೆಗೆ ಗ್ರೀನ್ ಕಾರ್ಡ್ ಕೇಳಬೇಕಾದರೆ ನೀವು 21 ದಾಟಿದ ಪ್ರಜೆಯಾಗಿರಬೇಕು. ಗ್ರೀನ್ ಕಾರ್ಡ್ ಇದ್ದರೂ ಸಾಲದು. ಬ್ರಿಟನ್ನಿನಲ್ಲಿ 2012ರಿಂದ ನಿಯಮ ತುಂಬಾ ಬಿಗಿ. ಸ್ನಾನ, ಬಟ್ಟೆ, ಅಡುಗೆಯಂಥ ದಿನದ ಕೆಲಸಕ್ಕೂ ಅಮ್ಮನಿಗೆ ಇನ್ನೊಬ್ಬರ ಕೈ ಬೇಕಾಗಿರಬೇಕು. ಜೊತೆಗೆ ಆ ಆರೈಕೆ ಅವಳಿರುವ ಊರಲ್ಲಿ ಸಿಗುವುದಿಲ್ಲ, ಅಥವಾ ಅದರ ಖರ್ಚು ಭರಿಸಲು ಆಗುವುದಿಲ್ಲ ಎಂದು ತೋರಿಸಬೇಕು. ಅಲ್ಲಿ ಕೇರ್ ವರ್ಕರ್ ಆಗಿ ಹೋಗುವ ದಾರಿಯೂ ಮುಚ್ಚಿದೆ. 2024ರ ಮಾರ್ಚ್‌ನಿಂದ ಅವರು ಮನೆಯವರನ್ನು ಕರೆತರುವಂತಿಲ್ಲ. 2025ರ ಜುಲೈನಿಂದ ಹೊರದೇಶದಿಂದ ಹೊಸಬರನ್ನು ತೆಗೆದುಕೊಳ್ಳುವುದೇ ನಿಂತಿದೆ. ಈಗಲೂ ಆ ಕೆಲಸ ಕೊಡಿಸುತ್ತೇನೆ ಅನ್ನುವವರು ಸಿಕ್ಕರೆ ಎದ್ದು ಬನ್ನಿ.

ಕೆನಡಾದಲ್ಲಿ ಎರಡು ದಾರಿ ಇವೆ, ಎರಡೂ ನೀವು ಕಾಯಂ ನಿವಾಸಿ ಆದ ಮೇಲೆ. ಕಾಯಂ ಕರೆಸಿಕೊಳ್ಳುವ ದಾರಿ ಅದೃಷ್ಟದ ಮೇಲೆ ನಿಂತಿದೆ. 2020ರಲ್ಲಿ ಹೆಸರು ಕೊಟ್ಟವರ ಪಟ್ಟಿಯಿಂದಲೇ 2025ರಲ್ಲೂ ಆಹ್ವಾನ ಹೋಯಿತು. ಇನ್ನೊಂದು ಸೂಪರ್ ವೀಸಾ. ಒಮ್ಮೆ ಬಂದರೆ 5 ವರ್ಷದವರೆಗೆ ಇರಬಹುದು. ಕನಿಷ್ಠ 1 ಲಕ್ಷ ಕೆನಡಿಯನ್ ಡಾಲರ್‌ನ ಆರೋಗ್ಯ ವಿಮೆ ಬೇಕು, ನಿಮ್ಮ ಆದಾಯವನ್ನೂ ನೋಡುತ್ತಾರೆ. ಆಸ್ಟ್ರೇಲಿಯಾದಲ್ಲಿ ಹೆಚ್ಚು ದುಡ್ಡು ಕಟ್ಟಿ ಬರುವ ತಂದೆ ತಾಯಿ ವೀಸಾಗೆ ಒಬ್ಬರಿಗೆ 40,000 ಆಸ್ಟ್ರೇಲಿಯನ್ ಡಾಲರ್ ದಾಟುತ್ತದೆ. ಕಡಿಮೆ ದುಡ್ಡಿನದ್ದಕ್ಕೆ ಕಾಯುವ ಕಾಲ ಸುಮಾರು 30 ವರ್ಷ. ಅಮ್ಮನಿಗೆ ಆಗ 91 ಆಗಿರುತ್ತಿತ್ತು. ಆ ಪುಟವನ್ನು ಮಡಚಿಟ್ಟೆ. ನಡುವೆ ಒಂದು ತಾತ್ಕಾಲಿಕ ವೀಸಾ ಇದೆ, 870 ಎನ್ನುತ್ತಾರೆ. 3 ಅಥವಾ 5 ವರ್ಷಕ್ಕೆ ಕೊಡುತ್ತಾರೆ, ಒಟ್ಟು 10 ವರ್ಷಕ್ಕಿಂತ ಜಾಸ್ತಿ ಇಲ್ಲ.

ಒಡಹುಟ್ಟಿದವರು ಇದ್ದರೆ ಅವರು ಎಲ್ಲಿದ್ದಾರೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಆಸ್ಟ್ರೇಲಿಯಾದ ಕಾಯಂ ವೀಸಾಗೆ ಮಕ್ಕಳಲ್ಲಿ ಅರ್ಧದಷ್ಟಾದರೂ ಅಲ್ಲೇ ಇರಬೇಕು, ಇಲ್ಲವೇ ಬೇರೆ ಯಾವುದೇ ಒಂದು ದೇಶಕ್ಕಿಂತ ಅಲ್ಲಿ ಹೆಚ್ಚು ಮಕ್ಕಳಿರಬೇಕು. ಇಟಲಿಯಲ್ಲೂ ಊರಲ್ಲಿ ನೋಡಿಕೊಳ್ಳಲು ಬೇರೆ ಮಕ್ಕಳಿದ್ದಾರಾ ಎಂದು ಕೇಳುತ್ತಾರೆ.

ನನಗೆ ಜರ್ಮನಿ ಹೊಂದಿತು. ನಿಜ ಹೇಳಬೇಕೆಂದರೆ ನಾನು ಹೊರಟಾಗ ಅಲ್ಲಿಯೂ ತಾಯಿಯನ್ನು ಕರೆಸುವುದು ತುಂಬಾ ಕಷ್ಟ ಇತ್ತು. 2024ರ ಮಾರ್ಚ್ 1ರಂದು ಕಾನೂನು ಬದಲಾಯಿತು. ಆ ದಿನ ಅಥವಾ ಆಮೇಲೆ ಮೊದಲ ಸಲ ನುರಿತ ಕೆಲಸಗಾರರ ಪರವಾನಗಿ ಪಡೆದವರು ತಾಯಿ ತಂದೆಯನ್ನು ಕರೆಸಿಕೊಳ್ಳಲು ಕೇಳಬಹುದು. ಖರ್ಚು ನಿಭಾಯಿಸುತ್ತೇವೆ ಎಂದು ತೋರಿಸಬೇಕು, ಆರೋಗ್ಯ ವಿಮೆ ಇರಬೇಕು. ನನ್ನ ನರ್ಸಿಂಗ್ ತರಬೇತಿ ಮುಗಿದು ನಾನು ಆ ಪರವಾನಗಿಗೆ ಅರ್ಹಳಾದದ್ದು 2024ರ ಆಗಸ್ಟ್‌ನಲ್ಲಿ. ಹಾಗಾಗಿ ನಾನು ಆ ನಿಯಮದ ಒಳಗೆ ಬಂದೆ.

ಡಿಗ್ರಿ ಇಲ್ಲದೆ ಹೋಗುವುದು

ಡಿಗ್ರಿ ಇಲ್ಲದವರಿಗೆ ಸುಲಭವಾಗಿ ಸಿಗುವುದು ತಾತ್ಕಾಲಿಕ ಕೆಲಸ. ಹಣ್ಣು ಕೀಳುವುದು, ಪ್ಯಾಕಿಂಗ್, ಹೋಟೆಲ್ ಕ್ಲೀನಿಂಗ್. ಗೌರವದ ಕೆಲಸವೇ, ಆದರೆ ಅವಧಿ ಮುಗಿದ ಮೇಲೆ ಮನೆಗೆ ಕಳಿಸುತ್ತಾರೆ. ಜಪಾನಿನ ನಿರ್ದಿಷ್ಟ ಕೌಶಲ್ಯದ ವೀಸಾದ ಮೊದಲ ಹಂತ ಸಾಮಾನ್ಯವಾಗಿ 5 ವರ್ಷ, ಮನೆಯವರನ್ನು ಕರೆತರುವಂತಿಲ್ಲ. ಅಮ್ಮ ನಿಮ್ಮ ಲೆಕ್ಕದಲ್ಲಿದ್ದರೆ ಕೇಳಬೇಕಾದ್ದು ಎಷ್ಟು ಸಂಬಳ ಅಂತಲ್ಲ. ಈ ಕೆಲಸ ನನ್ನನ್ನು ಕಾಯಂ ಆಗಿ ನಿಲ್ಲಿಸುತ್ತದಾ ಅಂತ.

ಜರ್ಮನಿಯಲ್ಲಿ ಆಸ್‌ಬಿಲ್ಡುಂಗ್ ಅಂತ ಇದೆ. ಕೆಲಸ ಮಾಡುತ್ತಲೇ ಕಲಿಯುವ ತರಬೇತಿ, ಸಾಮಾನ್ಯವಾಗಿ 2ರಿಂದ 3 ವರ್ಷ ಚಿಲ್ಲರೆ. ತಿಂಗಳು ತಿಂಗಳು ಸಂಬಳ ಕೊಡುತ್ತಾರೆ. ಎಲೆಕ್ಟ್ರಿಷಿಯನ್, ಬೇಕರಿ, ಹೋಟೆಲ್, ನರ್ಸಿಂಗ್, ಹೀಗೆ ನೂರಾರು ಕಸುಬು. ನಾನು ನರ್ಸಿಂಗ್ ತೆಗೆದುಕೊಂಡೆ, 3 ವರ್ಷ. ಶಾಲೆಗೆ ಶುಲ್ಕ ಇಲ್ಲ. ಮುಗಿಸಿ ಪರೀಕ್ಷೆ ಪಾಸಾದ ದಿನ ನೀವು ಆ ದೇಶದ ಲೆಕ್ಕದಲ್ಲಿ ನುರಿತ ಕೆಲಸಗಾರರು. ಹನ್ನೆರಡನೇ ತರಗತಿಯ ಅಂಕಪಟ್ಟಿಯನ್ನು ಆಮೇಲೆ ಯಾರೂ ಕೇಳಲಿಲ್ಲ.

ಬೆಲೆ ಇರುವುದು ಭಾಷೆಯಲ್ಲಿ. ತರಬೇತಿ ವೀಸಾಗೆ ಸಾಮಾನ್ಯವಾಗಿ ಜರ್ಮನ್ ಭಾಷೆಯಲ್ಲಿ ಬಿ1 ಮಟ್ಟ, ಅಂದರೆ ದಿನದ ಮಾತುಕತೆ ನಿಭಾಯಿಸುವಷ್ಟು, ಬೇಕು, ನರ್ಸಿಂಗ್ ಶಾಲೆಗಳು ಹಲವು ಅದರ ಮೇಲಿನ ಹಂತವಾದ ಬಿ2 ಕೇಳುತ್ತವೆ. ನಾನು 14 ತಿಂಗಳು ಬೆಳಿಗ್ಗೆ ಐದಕ್ಕೆ ಎದ್ದು ಕಲಿತೆ. ಓದು, ಕೇಳು, ಬರೆ, ಮಾತಾಡು ಅಂತ ನಾಲ್ಕು ಭಾಗದ ಪರೀಕ್ಷೆ. ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗೊಯೆಥೆ ಸಂಸ್ಥೆಯ ಬಿ1ರಲ್ಲಿ ಒಂದೊಂದಕ್ಕೂ 100ಕ್ಕೆ 60 ಬೇಕು. ಮಾತಿನ ಭಾಗದಲ್ಲಿ ನಾನು ಮೊದಲ ಸಲ ಸೋತೆ. ಸೋತ ಭಾಗವನ್ನು ಮಾತ್ರ ಮತ್ತೆ ಬರೆಯಬಹುದು, ಅದು ಗೊತ್ತಿರಲಿ. ಏಜೆಂಟ್‌ಗೆ ಕೊಡುವ ದುಡ್ಡಿನಲ್ಲಿ ಅರ್ಧವನ್ನು ಒಳ್ಳೆಯ ಭಾಷಾ ಮೇಷ್ಟರಿಗೆ ಕೊಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಾಗದ ಪತ್ರ

ಇದರಲ್ಲಿ ನಾನು ಐದು ತಿಂಗಳು ಕಳೆದುಕೊಂಡೆ. ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಒಂದು ಹೆಸರು. ನನ್ನ ಜನನ ಪತ್ರದಲ್ಲಿ ತಾಯಿಯ ಹೆಸರು ಅಂತ ಇದ್ದದ್ದು ಮನೆಯಲ್ಲಿ ಎಲ್ಲರೂ ಕರೆಯುವ ಹೆಸರು. ಅಪ್ಪನ ಮರಣ ಪತ್ರದಲ್ಲಿ ಮೂರನೆಯದು, ಅದರಲ್ಲಿ ಒಂದು ಅಕ್ಷರ ಜಾಸ್ತಿ. ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಾಗ ಮೂರು ಬೇರೆ ಬೇರೆ ಹೆಂಗಸರ ಹಾಗೆ ಕಂಡಿತು. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಎಲ್ಲಾ ನಾನೇ ಅಲ್ವೇನೇ" ಎಂದಳು. ಕೌಂಟರಿನಲ್ಲಿ ಕೂತವರಿಗೆ ಅದು ಹೇಗೆ ಗೊತ್ತಾಗಬೇಕು? ಅವಳು ನನ್ನ ತಾಯಿ ಅನ್ನುವುದೇ ಸಾಬೀತಾಗದಿದ್ದರೆ ಮುಂದಿನ ಯಾವ ಕಾಗದಕ್ಕೂ ಅರ್ಥ ಇಲ್ಲ.

ಹಾಗಾಗಿ ಇವತ್ತೇ ಕಾಗದ ಹೊರಗೆ ತೆಗೆಯಿರಿ. ಹೆಸರು, ಹುಟ್ಟಿದ ದಿನ, ಊರು, ಒಂದೊಂದು ಅಕ್ಷರ ಹೋಲಿಸಿ. ತಿದ್ದುಪಡಿ ನೀವು ಊರಲ್ಲಿರುವಾಗಲೇ ಮಾಡಿಸಿ, ದೂರದಿಂದ ಮಾಡಿಸುವುದು ಹತ್ತು ಪಟ್ಟು ಕಷ್ಟ. ಆಮೇಲೆ ಅಪೊಸ್ಟೀಲ್ (ಕಾಗದ ಅಸಲಿ ಎಂದು ಹೊರದೇಶಕ್ಕಾಗಿ ಸರ್ಕಾರ ಹಾಕುವ ಮುದ್ರೆ) ಬೇಕಾ, ಅನುವಾದ ಯಾರಿಂದ ಆಗಬೇಕು, ಇವನ್ನು ಆಯಾ ದೂತಾವಾಸದ ಪಟ್ಟಿಯಲ್ಲೇ ನೋಡಿ.

ಇನ್ನೊಂದು ಕಾಗದ ಇದೆ, ಅದು ದಿನ ಕಳೆದಂತೆ ಬೆಳೆಯಬೇಕು. ಅಮ್ಮ ನಿಮ್ಮ ದುಡಿಮೆಯಲ್ಲೇ ಬದುಕುತ್ತಿದ್ದಾಳೆ ಅನ್ನುವುದಕ್ಕೆ ಸಾಕ್ಷಿ. ಹಲವು ದೇಶಗಳು ಇದನ್ನು ಕೇಳುತ್ತವೆ. ಕೈಗೆ ಕೊಟ್ಟ ದುಡ್ಡಿಗೆ ಸಾಕ್ಷಿ ಇರುವುದಿಲ್ಲ. ಮೊದಲ ಸಂಬಳದಿಂದಲೇ ಅಮ್ಮನ ಹೆಸರಿನ ಖಾತೆಗೆ ಬ್ಯಾಂಕ್ ಮೂಲಕ ಕಳಿಸಿ, ಪ್ರತಿ ತಿಂಗಳು ಅದೇ ತಾರೀಖಿಗೆ. ನಾನು 3ನೇ ತಾರೀಖು ಇಟ್ಟುಕೊಂಡಿದ್ದೆ. ಅರ್ಜಿ ಹಾಕುವಾಗ ನಲವತ್ತಕ್ಕೂ ಹೆಚ್ಚು ಚೀಟಿ ಒಂದೇ ಫೈಲಿನಲ್ಲಿದ್ದವು.

ನೀವು ಅಲ್ಲಿ, ಅಮ್ಮ ಇಲ್ಲಿ

ಈ ವರ್ಷಗಳನ್ನು ತಪ್ಪಿಸಲು ಆಗುವುದಿಲ್ಲ. ಯಾರಾದರೂ ಆಗುತ್ತದೆ ಅಂದರೆ ನಂಬಬೇಡಿ. ಹೊರಡುವ ಮೊದಲು ಅಮ್ಮನ ಔಷಧಿ ಪಟ್ಟಿ, ಡಾಕ್ಟರ ಒಂದು ಪುಟದ ಸಾರಾಂಶ, ಬ್ಯಾಂಕಿನ ಕೆಲಸಕ್ಕೆ ನಿಮ್ಮ ಬದಲು ಸಹಿ ಮಾಡುವವರಿಗೆ ಅಧಿಕಾರ ಪತ್ರ, ಇವನ್ನು ಮಾಡಿಸಿಟ್ಟಿರಿ.

ನಾನು ಚಿಕ್ಕಮ್ಮನ ಹತ್ತಿರ ಮನೆಯ ಬೀಗದ ಕೈ ಕೊಟ್ಟಿದ್ದೆ. ಅವರ ಮನೆ ಎರಡು ಬೀದಿ ಆಚೆ. ಸಾಕು ಅಂದುಕೊಂಡಿದ್ದೆ. ಎರಡನೇ ವರ್ಷ ಒಂದು ರಾತ್ರಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಆ ದಿನ ಚಿಕ್ಕಮ್ಮ ಊರಲ್ಲಿ ಇರಲಿಲ್ಲ. ಪಕ್ಕದ ಮನೆಯವರು ಕೂಗು ಕೇಳಿ ಬಂದು, ಬಾಗಿಲು ಒಡೆಯುವಷ್ಟರಲ್ಲಿ ನಲವತ್ತು ನಿಮಿಷ ಆಗಿತ್ತು. ನಾನು ರಾತ್ರಿ ಪಾಳಿಯಲ್ಲಿದ್ದೆ, ಬೇರೆಯವರ ತಾಯಿಯನ್ನು ಮಗ್ಗುಲು ತಿರುಗಿಸುತ್ತಿದ್ದೆ. ಮೂಳೆ ಮುರಿದಿರಲಿಲ್ಲ, ಅದು ಪುಣ್ಯ. ಮಾರನೇ ದಿನವೇ ಇನ್ನೊಂದು ಬೀಗದ ಕೈ ಪಕ್ಕದ ಮನೆಗೆ ಹೋಯಿತು. ಬಚ್ಚಲಿಗೆ ಹಿಡಿಗಂಬಿ ಬಂತು. ಬೆಳಿಗ್ಗೆ ಒಬ್ಬರು ಹೆಂಗಸು ಸಂಬಳಕ್ಕೆ ಬಂದು ಹೋಗತೊಡಗಿದರು. ಇವೆಲ್ಲ ಮೊದಲ ದಿನವೇ ಇರಬೇಕಿತ್ತು. ನೀವು ಇಬ್ಬರು ಜನ, ಎರಡು ಬೀಗದ ಕೈ ಇಲ್ಲದೆ ಹೊರಡಬೇಡಿ.

ಅಮ್ಮನನ್ನು ಕೇಳಿದ್ದೀರಾ

ನಾನು ತುಂಬ ತಡವಾಗಿ ಕೇಳಿದೆ. ಅವಳು "ನೀನೆಲ್ಲಿ ಹೇಳ್ತೀಯೋ ಅಲ್ಲಿ" ಎಂದಳು. ಅದು ಉತ್ತರ ಅಲ್ಲ, ಅಲ್ವಾ? ಅದಕ್ಕೇ ಮೊದಲು ಪ್ರವಾಸಿ ವೀಸಾದಲ್ಲಿ ಕರೆಸಿಕೊಂಡೆ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದಲ್ಲಿ 180 ದಿನದಲ್ಲಿ 90 ದಿನ ಇರಬಹುದು, ಕನಿಷ್ಠ 30,000 ಯೂರೋದ ಪ್ರಯಾಣ ವಿಮೆ ಬೇಕು. ಬೇಕಂತಲೇ ಚಳಿಗಾಲದಲ್ಲಿ ಕರೆಸಿದೆ. ನಾಲ್ಕೂವರೆಗೆ ಕತ್ತಲಾಗುವುದು, ದಿನವಿಡೀ ನಾನು ಮನೆಯಲ್ಲಿ ಇಲ್ಲದಿರುವುದು, ಮಾತಾಡಲು ಯಾರೂ ಇಲ್ಲದಿರುವುದು, ಎಲ್ಲ ಅವಳಿಗೆ ಗೊತ್ತಾಗಲಿ ಅಂತ. ಹೊರಡುವ ಹಿಂದಿನ ರಾತ್ರಿ ಅವಳೇ ಹೇಳಿದಳು, ಒಬ್ಬಳೇ ಅಲ್ಲಿರುವುದಕ್ಕಿಂತ ಇಲ್ಲಿ ನಿನ್ನ ದಾರಿ ಕಾಯುವುದು ವಾಸಿ ಅಂತ. ಆ ಮಾತು ಕೇಳಿದ ಮೇಲೆ ಕಾಯಂ ಅರ್ಜಿಗೆ ಕೈ ಹಾಕಿದೆ. ಒಂದು ಎಚ್ಚರಿಕೆ: ಪ್ರವಾಸಕ್ಕೆ ಕರೆಸಿ, ಅವಧಿ ಮೀರಿ ಉಳಿಸಿಕೊಳ್ಳುವ ಯೋಚನೆ ಬೇಡ. ಮುಂದಿನ ಬಾಗಿಲು ಅದರಿಂದಲೇ ಮುಚ್ಚಬಹುದು.

ವಿಮೆ

ಇಡೀ ಪ್ರಯಾಣದಲ್ಲಿ ಅತಿ ಕಷ್ಟದ ಭಾಗ ಇದು. ಜರ್ಮನಿಯಲ್ಲಿ 55 ದಾಟಿ ಹೊರಗಿನಿಂದ ಬಂದವರಿಗೆ ಸರ್ಕಾರಿ ಆರೋಗ್ಯ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ. ಖಾಸಗಿ ಕಂಪನಿಗಳಿಗೆ ಹೋಗಬೇಕು. ನಾನು ಒಂಬತ್ತು ಕಡೆ ಬರೆದೆ. ಏಳು ಕಡೆ ವಯಸ್ಸು ನೋಡಿಯೇ ಆಗುವುದಿಲ್ಲ ಎಂದರು. ಕೊನೆಗೆ ಬಾಜಿಸ್‌ತಾರೀಫ್ ಎಂಬ ಮೂಲ ಯೋಜನೆಯ ದಾರಿ ಹಿಡಿದೆ. ಅದರಲ್ಲಿ ಕಾಯಿಲೆ ಇದೆ ಅಂತ ಹೆಚ್ಚು ಕಂತು ಹೇರುವಂತಿಲ್ಲ. ಆದರೂ 2025ರಲ್ಲಿ ಅದರ ಗರಿಷ್ಠ ಕಂತು ತಿಂಗಳಿಗೆ 942 ಯೂರೋ ಚಿಲ್ಲರೆ. ನನ್ನ ಒಬ್ಬಳ ಸಂಬಳದಲ್ಲಿ ಆಗುತ್ತಿರಲಿಲ್ಲ. ಅಷ್ಟರಲ್ಲಿ ನನಗೆ ಮದುವೆಯಾಗಿತ್ತು, ಗಂಡ ಎಲೆಕ್ಟ್ರಿಷಿಯನ್. ಇಬ್ಬರ ಸಂಬಳ ಸೇರಿಸಿ ಲೆಕ್ಕ ತೋರಿಸಿದೆವು. ದೇಶ ಆಯ್ಕೆ ಮಾಡುವ ಮೊದಲೇ ವಿಮೆ ಯಾರು ಕೊಡುತ್ತಾರೆ, ಎಷ್ಟಕ್ಕೆ ಕೊಡುತ್ತಾರೆ ಅಂತ ಬರಹದಲ್ಲಿ ಕೇಳಿ.

ಕೆಲವು ದೇಶಗಳು ಕಾಯಿಲೆಯ ಖರ್ಚನ್ನೇ ಅಳೆಯುತ್ತವೆ. ಅದು ಒಂದು ಮಿತಿ ದಾಟಿದರೆ ವೀಸಾ ಸಿಗದೇ ಹೋಗಬಹುದು. ಆಸ್ಟ್ರೇಲಿಯಾದಲ್ಲಿ 2024ರ ಜುಲೈನಲ್ಲಿ ಆ ಮಿತಿಯನ್ನು 86,000 ಆಸ್ಟ್ರೇಲಿಯನ್ ಡಾಲರ್‌ಗೆ ಏರಿಸಿದರು. ಹತೋಟಿಯಲ್ಲಿರುವ ಸಕ್ಕರೆ ಕಾಯಿಲೆಗೂ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗುವ ಸ್ಥಿತಿಗೂ ತುಂಬಾ ಅಂತರ ಇದೆ, ಸುಮ್ನೆ ಹೆದರಬೇಡಿ. ಆದರೆ ಮುಚ್ಚಿಡಬೇಡಿ. ಸುಳ್ಳು ಸಿಕ್ಕಿಬಿದ್ದರೆ ಕಾಯಿಲೆಗಿಂತ ಅದೇ ದೊಡ್ಡ ಅಡ್ಡಿ.

ಬಂದ ಮೇಲಿನ ಮೊದಲ ವಾರ

ಮೂರು ತಿಂಗಳ ಔಷಧಿ, ಮಾತ್ರೆಯ ಮೂಲ ಹೆಸರಿನ ಚೀಟಿ ಕೈಚೀಲದಲ್ಲೇ ಇರಲಿ. ಬ್ರ್ಯಾಂಡ್ ಹೆಸರು ಇಲ್ಲಿ ಯಾರಿಗೂ ತಿಳಿಯುವುದಿಲ್ಲ. ಜರ್ಮನಿಯಲ್ಲಿ ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದೇ ವಾರ ಹತ್ತಿರದ ಫ್ಯಾಮಿಲಿ ಡಾಕ್ಟರ ಬಳಿ ಹೆಸರು ಬರೆಸಿ. ಆರಾಮಾಗಿರುವಾಗಲೇ ಹೋಗಿ, ಹೊಸಬರನ್ನು ತೆಗೆದುಕೊಳ್ಳುವ ಡಾಕ್ಟರು ಸಿಗಲು ಸಮಯ ಹಿಡಿಯುತ್ತದೆ.

ಅಮ್ಮನ ಕೋಟಿನ ಎಡ ಜೇಬಿನಲ್ಲಿ ಒಂದು ದಪ್ಪ ಕಾಗದ ಇಟ್ಟಿದ್ದೇನೆ. ಅವಳ ಹೆಸರು, ವಿಳಾಸ, ನನ್ನ ನಂಬರ್, ಸಕ್ಕರೆ ಕಾಯಿಲೆ ಇದೆ ಅನ್ನುವ ಒಂದು ಸಾಲು, ಎಲ್ಲ ಜರ್ಮನ್ ಭಾಷೆಯಲ್ಲಿ. ತುರ್ತು ನಂಬರ್ 112. ಆ ನಂಬರಿಗೆ ಹೇಳಬೇಕಾದ ಎರಡು ವಾಕ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದು ಫೋನಿನ ಪಕ್ಕ ಗೋಡೆಗೆ ಅಂಟಿಸಿದೆ. ಮೊದಲ ವಾರ ರಾತ್ರಿ ಊಟ ಆದ ಮೇಲೆ ದಿನಾ ಅಭ್ಯಾಸ ಮಾಡಿಸಿದೆ. ನಾನು ಆಂಬುಲೆನ್ಸ್‌ನವಳಾಗಿ ಕೇಳುವುದು, ಅವಳು ಬೀದಿಯ ಹೆಸರು, ಮನೆ ನಂಬರ್ ಹೇಳುವುದು. ಬೀದಿಯ ಹೆಸರು ಅವಳ ನಾಲಿಗೆಗೆ ಹೊರಳಲು ಆರು ದಿನ ಬೇಕಾಯಿತು. ಏಳನೇ ದಿನ ಚೀಟಿ ನೋಡದೆ ಹೇಳಿದಳು.